ನಾರ್ವೆಯ ಫ್ಯೋರ್ಡ್‌ಗಳಲ್ಲಿ (ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಿರಿದಾದ ಸಮುದ್ರದ ತೋಳುಗಳಲ್ಲಿ) ಬೇಸಿಗೆ ಕಯಾಕ್ ಗೈಡ್ ಇಂಟರ್ನ್‌ಶಿಪ್ ಅಂದ್ರೆ ದಿನವಿಡೀ ಹುಟ್ಟು ಹಾಕೋದೇನಾ?

ಇಲ್ಲ, ಅರ್ಧ ಕೆಲಸ ದಡದಲ್ಲೇ. ಕಯಾಕ್ ಅನ್ನುವ ಕಿರಿದಾದ ಸಣ್ಣ ದೋಣಿಗಳನ್ನು ಹೊರುವುದು, ಡ್ರೈಸೂಟ್ (ನೀರು ಒಳಬಿಡದ ಉಡುಪು) ತೊಳೆದು ಒಣಹಾಕುವುದು, ಬಂದವರಿಗೆ ಲೈಫ್‌ಜಾಕೆಟ್ ಬಿಗಿಯಾಗಿದೆಯಾ ಅಂತ ಎಳೆದು ನೋಡುವುದು. ಹೊಸಬರನ್ನು ಸಾಮಾನ್ಯವಾಗಿ ಅನುಭವಿ ಗೈಡ್ ಜೊತೆ, ಗುಂಪಿನ ಹಿಂದೆ ಬಿಡುತ್ತಾರೆ.

ನೀರಿನ ಮೇಲೆ ನಿಜವಾದ ಕೆಲಸ ಗಾಳಿ ಮತ್ತು ಚಳಿಯ ಲೆಕ್ಕ. ಉದಾಹರಣೆಗೆ ನೆರೊಯ್‌ಫ್ಯೋರ್ಡ್ ತೆಗೆದುಕೊಳ್ಳಿ. 2005ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಕೆಲವು ಕಡೆ ಅಗಲ ಬರೀ 250 ಮೀಟರ್, ಎರಡೂ ಬದಿ ಬೆಟ್ಟಗಳು. ಬಿಸಿಲಿಗೆ ಒಳನಾಡು ಕಾದಾಗ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಒಳನುಗ್ಗುತ್ತದೆ, ಬೆಳಗ್ಗೆ ಕನ್ನಡಿಯಂತಿದ್ದ ನೀರಿನಲ್ಲಿ ಆಗ ಒಂದೇ ಸಮನೆ ಅಲೆ. ಪ್ರವಾಸಿ ದೋಣಿಗಳ ಅಲೆಯೂ ದಡದ ಬಂಡೆಗೆ ಬಡಿದು ವಾಪಸ್ ಬರುತ್ತದೆ, ಅದಕ್ಕೇ ಬಂಡೆಗೆ ತೀರಾ ಹತ್ತಿರ ಗುಂಪನ್ನು ನಿಲ್ಲಿಸಬಾರದು. ಹಿಮ ಕರಗಿ ಬರುವ ನೀರು ಜೂನ್‌ನಲ್ಲೂ ಕೊರೆಯುತ್ತದೆ, ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಮಗುಚಿದ ಕಯಾಕ್‌ನಿಂದ ನೀರು ಚೆಲ್ಲಿಸಿ, ಬಿದ್ದವರನ್ನು ಮತ್ತೆ ಹತ್ತಿಸುವುದು ಕೈಗೆ ರೂಢಿಯಾಗಿರಬೇಕು. ಈಜು ಬಂದರೆ ಸಾಕು ಅನ್ನುವವರ ಮಾತು ಕೇಳಬೇಡಿ.

ನಾರ್ವೆಯ ಪ್ಯಾಡ್ಲಿಂಗ್ ಒಕ್ಕೂಟದ 'ವೊಟ್‌ಕೊರ್ಟ್' ಅನ್ನುವ ಹಂತ ಹಂತದ ಪ್ಯಾಡ್ಲಿಂಗ್ ತರಬೇತಿ ಕೋರ್ಸ್‌ಗಳಿವೆ, ಅದೋ ಅಂಥದ್ದೇ ಬೇರೆ ಸರ್ಟಿಫಿಕೇಟೋ ಇದ್ದರೆ ಒಳ್ಳೆಯದು. ಪ್ರಥಮ ಚಿಕಿತ್ಸೆಯೂ ಕಲಿತಿರಿ.

ಭಾರತದ ಪಾಸ್‌ಪೋರ್ಟ್‌ನವರಾದರೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಸುಮ್ನೆ ಕೆಲಸ ಶುರು ಮಾಡುವ ಹಾಗಿಲ್ಲ. ಮೊದಲು ಕೆಲಸದ ಆಫರ್, ಆಮೇಲೆ ಪರ್ಮಿಟ್. ಅದಕ್ಕೆ ಸಮಯ ಹಿಡಿಯುತ್ತದೆ, ಸೀಸನ್ ಇರುವುದೋ ಸುಮಾರು ಮೇನಿಂದ ಸೆಪ್ಟೆಂಬರ್‌ವರೆಗೆ, ಚಳಿಗಾಲದಲ್ಲೇ ಅರ್ಜಿ ಹಾಕಿಬಿಡಿ.