ನಿಂತ ಮೇಲೂ ಮುಂದಕ್ಕೆ ನೂಕುವ ಲೋಡು

ಪ್ರಶ್ನೆ: ಎಂಟು ವರ್ಷ ಚೀಲ, ಪೆಟ್ಟಿಗೆ ಹೇರಿದ ಲಾರಿ ಓಡಿಸಿದ್ದೇನೆ. ಪೆಟ್ರೋಲ್ ಟ್ಯಾಂಕರಿಗೆ ಸೇರಿ ಎರಡು ವಾರವಾಯಿತು. ಮೊನ್ನೆ ಸಿಗ್ನಲ್‌ನಲ್ಲಿ ನಿಲ್ಲಿಸಿ ಬ್ರೇಕ್ ಸಡಿಲಿಸಿದ್ದೇ ತಡ, ಯಾರೋ ಹಿಂದಿನಿಂದ ನೂಕಿದ ಹಾಗೆ ಗಾಡಿ ಮುಂದಕ್ಕೆ ಹೋಯಿತು. ಜೊತೆಗಿದ್ದ ಹಿರಿಯ ಚಾಲಕರು ‘ರೂಢಿಯಾಗುತ್ತೆ ಬಿಡು’ ಅಂದರು. ಹೆಂಡತಿಗೆ ಬೆಂಕಿಯ ಭಯ, ಕೆಲಸ ಬಿಡಿ ಅನ್ನುತ್ತಾಳೆ. ನನಗೂ ನಿದ್ದೆಯಿಲ್ಲ. ಬಿಟ್ಟುಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಆದರೆ ‘ರೂಢಿಯಾಗುತ್ತೆ’ ಎಂಬ ಮಾತಿಗೂ ತಲೆಯಾಡಿಸಬೇಡಿ. ಅದು ತಾನಾಗಿ ರೂಢಿಯಾಗುವುದಲ್ಲ, ಕಲಿಯಬೇಕಾದದ್ದು.

ಕಟ್ಟಿದ ಚೀಲ ಗಾಡಿಯ ಜೊತೆಗೇ ನಿಲ್ಲುತ್ತದೆ, ದ್ರವ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದಾಗ ಅದು ಮುಂದಕ್ಕೆ ನುಗ್ಗಿ ಬಡಿದು, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬರುತ್ತದೆ. ನೀವು ಕಾಲು ತೆಗೆದದ್ದು ಆ ಎರಡನೇ ಅಲೆ ಬರುವ ಹೊತ್ತಿಗೆ. ಬ್ರೇಕ್ ಬೇಗನೆ ಶುರು ಮಾಡಿ, ಮೆಲ್ಲಗೆ ಒತ್ತಿ; ನಿಂತ ಮೇಲೂ ಅಲುಗಾಟ ತಣಿಯುವವರೆಗೆ ಕಾಲು ತೆಗೆಯಬೇಡಿ. ಒಳಗಿನ ತೂತಿನ ಬ್ಯಾಫಲ್ ತಗಡುಗಳು ಈ ಹಿಂದುಮುಂದಿನ ಅಲೆಯನ್ನು ತಗ್ಗಿಸುತ್ತವೆ, ಪಕ್ಕಕ್ಕೆ ತುಳುಕುವುದನ್ನು ತಡೆಯುವುದಿಲ್ಲ. ತೊಳೆಯಲು ಅಡ್ಡಿಯೆಂದು ಹಾಲಿನ ಟ್ಯಾಂಕರುಗಳಲ್ಲಿ ಸಾಮಾನ್ಯವಾಗಿ ಅವೂ ಇರುವುದಿಲ್ಲ. ತುಂಬಿದ ಗಾಡಿಗಿಂತ ಅರೆ ತುಂಬಿದ್ದೇ ಕಷ್ಟ. ಅದಕ್ಕೇ ಮೊದಲ ಕಡೆ ಅನ್‌ಲೋಡ್ ಮಾಡಿ ಹೊರಟಾಗ ಅದು ಬೆಳಗ್ಗೆ ಓಡಿಸಿದ ಗಾಡಿಯಲ್ಲ ಅಂದುಕೊಳ್ಳಿ; ಟ್ಯಾಂಕಿನೊಳಗಿನ ಯಾವ ಚೇಂಬರಿನಲ್ಲಿ, ಅಂದರೆ ಯಾವ ಕೋಣೆಯಲ್ಲಿ, ಎಷ್ಟು ಉಳಿದಿದೆ ಎಂದು ತಿಳಿದೇ ಗೇರ್ ಹಾಕಿ.

ಮಗುಚುವುದು ತಿರುವಿನಲ್ಲಿ. ಟ್ಯಾಂಕಿನ ಭಾರ ಎತ್ತರದಲ್ಲಿರುತ್ತದೆ, ತಿರುಗುವಾಗ ದ್ರವವೂ ಹೊರಮಗ್ಗುಲಿಗೆ ಸರಿಯುತ್ತದೆ. ಫಲಕದಲ್ಲಿ ಬರೆದ ವೇಗವೂ ನಿಮಗೆ ಹೆಚ್ಚು. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೊಕ್ಕ ಮೇಲೆ ಬ್ರೇಕ್ ತುಳಿಯಬೇಡಿ. ಚಕ್ರ ಡಾಂಬರಿನ ಅಂಚು ಬಿಟ್ಟು ಇಳಿದರೆ ಸ್ಟೇರಿಂಗ್ ಜಗ್ಗಲೇಬೇಡಿ. ನೇರ ಹಿಡಿದು ನಿಧಾನವಾಗಲು ಬಿಟ್ಟು, ಆಮೇಲೆ ಹತ್ತಿಸಿ.

ನಿಮ್ಮ ಮನೆಯವರ ಭಯ ಸುಳ್ಳಲ್ಲ. ಪೆಟ್ರೋಲ್ ಆವಿ ಕೊರೆಯುವ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿಯುತ್ತದೆ. ಪೈಪಿನಲ್ಲಿ ಹರಿಯುವ ಇಂಧನ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಅದರ ಕಿಡಿ ಆ ಆವಿಗೆ ಸಾಕು. ಆದ್ದರಿಂದ ಆ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಕ್ಲಿಪ್ ಎಲ್ಲಕ್ಕಿಂತ ಮೊದಲು ಹಾಕಿ, ಮುಚ್ಚಳ, ವಾಲ್ವು ಎಲ್ಲ ಮುಚ್ಚಿದ ಮೇಲೆ ಕೊನೆಗೆ ತೆಗೆಯಿರಿ. ಬಣ್ಣ, ತುಕ್ಕಿನ ಮೇಲೆ ಕಚ್ಚಿಸಿದ ಕ್ಲಿಪ್ ಇದ್ದೂ ಇಲ್ಲದಂತೆ. ಮೊದಲು ಪೆಟ್ರೋಲ್ ತುಂಬಿದ್ದ ಚೇಂಬರಿಗೆ ಡೀಸೆಲ್ ತುಂಬುವಾಗ ಇನ್ನೂ ಎಚ್ಚರ ಬೇಕು: ಉಳಿದ ಆವಿ ತೆಳುವಾಗಿ ಸರಿಯಾಗಿ ಉರಿಯುವ ಹದಕ್ಕೆ ಬರುತ್ತದೆ. ಹಿಂದಿನ ಲೋಡು ಏನಿತ್ತೆಂದು ತುಂಬುವವರಿಗೆ ಹೇಳಿ. ಬಾಯಿಮಟ್ಟ ತುಂಬಿಸಬೇಡಿ. 10,000 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯೇರಿದರೆ ಸುಮಾರು 100 ಲೀಟರ್ ಹಿಗ್ಗುತ್ತದೆ.

ಅನ್‌ಲೋಡ್‌ನಲ್ಲಿ ಕೆಡುವುದು ಬಹುಪಾಲು ಅವಸರದಿಂದ. ಡಿಪ್ (ಅಳತೆ ಕೋಲು) ಇಳಿಸಿ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಜಾಗ ಲೆಕ್ಕ ಹಾಕಿ, ಯಾವ ಬಾಯಿಗೆ ಯಾವ ಇಂಧನ ಎಂದು ಎರಡು ಸಲ ಓದಿ, ಹೋಸ್ ಬಿಟ್ಟು ಕದಲಬೇಡಿ. ಗಾಡಿಯ ಟ್ಯಾಂಕಿಗೆ ಗಾಳಿ ಒಳಹೋಗುವ ವೆಂಟ್ ಮುಚ್ಚಿದ್ದಾಗ ಪಂಪ್ ಹಚ್ಚಿದರೆ ಆ ಟ್ಯಾಂಕೇ ಒಳಕ್ಕೆ ಕುಸಿಯಬಹುದು. ಖಾಲಿ ಟ್ಯಾಂಕಿನೊಳಗೆ, ಬಿದ್ದವರನ್ನು ಎತ್ತಲೆಂದೂ, ಇಳಿಯಬೇಡಿ. ಉಸಿರಿಗೆ ಗಾಳಿಯಿಲ್ಲದೆ ಹಿಂದೆ ಇಳಿದವರೂ ಸಾಯುತ್ತಾರೆ. ತರಬೇತಿ ಪಡೆದ ರಕ್ಷಣಾ ತಂಡವನ್ನೇ ಕರೆಯಬೇಕು.

ನಾಳೆ ಮಾಲೀಕರನ್ನು ಕೇಳಿ: ಕಾರಣ ಬಿಡಿಸಿ ಹೇಳುವ ಚಾಲಕರ ಜೊತೆ ಇನ್ನಷ್ಟು ವಾರ, ಅದರಲ್ಲಿ ಅರೆ ಲೋಡಿನ ಓಟವೂ ಇರಲಿ. ನೀರಿನಂಥ ಉರಿಯದ ಲೋಡಿನ ಗಾಡಿ ಅವರಲ್ಲಿದ್ದರೆ ಮೊದಲು ಅದರಲ್ಲೇ ಕೈ ಪಳಗಿಸಿಕೊಳ್ಳಿ; ಅಲೆಯ ಪಾಠ ಎರಡರಲ್ಲೂ ಒಂದೇ. ‘ಕ್ಲಿಪ್‌ಗೆಲ್ಲ ಟೈಮಿಲ್ಲ’ ಎಂಬ ಮಾತು ಬಂದರೆ ಅಂದೇ ಕೀಲಿ ಕೊಟ್ಟು ಬನ್ನಿ, ಅದರಲ್ಲಿ ಅವಮಾನವೇನಿಲ್ಲ. ಒಪ್ಪಿದರೆ, ಸಿಗ್ನಲ್‌ನಲ್ಲಿ ಆದದ್ದನ್ನೂ ಅದಕ್ಕೆ ಕಾರಣವನ್ನೂ ಮನೆಯಲ್ಲಿ ಮುಚ್ಚಿಡದೆ ಹೇಳಿ. ನೀವು ಏನೇನು ಮಾಡುತ್ತೀರಿ ಎಂದು ಅವರಿಗೂ ಗೊತ್ತಿರಲಿ.