ವಿಯೆನ್ನಾದಿಂದ ಅರ್ಧ ದಿನಕ್ಕೆ ಹೋಗಿ ಎಸ್ಟರ್ಹಾಜಿ ಅರಮನೆಯ ನೆಲಮಾಳಿಗೆಯಲ್ಲಿ ವೈನ್ ರುಚಿ ಮಾತ್ರ ನೋಡಿ ಬಂದರೆ ಸಾಕೇ? ಸಾಕಾದರೆ ರುಚಿ ನೋಡುವ ಯಾವ ಪ್ಯಾಕೇಜ್ ತೆಗೆದುಕೊಳ್ಳಲಿ?

ಸಾಲದು. ಇದೇ ಲೆಕ್ಕ ಹಾಕಿಕೊಂಡು ಆ ಅರಮನೆ ಇರುವ ಆಸ್ಟ್ರಿಯಾದ ಊರು ಐಸೆನ್‌ಸ್ಟಾಟ್‌ಗೆ ಹೋಗಿದ್ದವನು ನಾನು. ಮೊದಲು ವೈನ್, ಸಮಯ ಉಳಿದರೆ ಅರಮನೆ, ಸಂಜೆಯೊಳಗೆ ವಿಯೆನ್ನಾಕ್ಕೆ ವಾಪಸ್.

ವೈನನ್ನು ಮೊದಲಿಗಿಟ್ಟುಕೊಂಡದ್ದೇ ತಪ್ಪಾಯಿತು, ಅದೂ ಖಾಲಿ ಹೊಟ್ಟೆಯಲ್ಲಿ. ಲೋಟಕ್ಕೆ ಸುರಿಯುವುದು ಎರಡೇ ಗುಟುಕು, ಅಷ್ಟರಿಂದ ಏನಾದೀತು ಎನ್ನಿಸುತ್ತದೆ. ಎಂಟು ಬಗೆ ಎಂದರೆ ಹದಿನಾರು ಗುಟುಕು ಎಂಬ ಲೆಕ್ಕ ಆಗ ಹೊಳೆಯುವುದಿಲ್ಲ. ಉಗುಳಲೆಂದೇ ಮೇಜಿನ ಮೇಲೆ ಪಾತ್ರೆ ಇತ್ತು; ಪಕ್ಕದವರು ಒಂದಿಷ್ಟೂ ಸಂಕೋಚವಿಲ್ಲದೆ ಉಗುಳುತ್ತಿದ್ದರು. ನನಗೆ ಮನಸ್ಸು ಬರಲಿಲ್ಲ. ಬಾಯಿಗಿಟ್ಟದ್ದನ್ನು ಉಗುಳಿದರೆ ಕೊಟ್ಟವರಿಗೆ ಅವಮಾನ ಎಂದು ಕೇಳಿಕೊಂಡು ಬೆಳೆದವನು, ಒಂದು ಹನಿಯೂ ಬಿಡದೆ ನುಂಗಿದೆ. ಅಲ್ಲಿ ಉಗುಳುವುದು ಅವಮಾನವಲ್ಲ, ಮುಂದಿನ ಲೋಟಕ್ಕೆ ನಾಲಿಗೆಯನ್ನೂ ತಲೆಯನ್ನೂ ಉಳಿಸಿಕೊಳ್ಳುವ ಕ್ರಮ. ಇದು ನನಗೆ ಅರ್ಥವಾದದ್ದು ಮೆಟ್ಟಿಲು ಹತ್ತುವಾಗ, ಗೋಡೆಗೆ ಕೈ ಕೊಟ್ಟ ಮೇಲೆ.

ಮೇಲಿದ್ದದ್ದು ಹೈಡನ್ ಸಭಾಂಗಣ. 1761ರಲ್ಲಿ ಎಸ್ಟರ್ಹಾಜಿ ಮನೆತನದ ಆಸ್ಥಾನ ಸೇರಿದ ಸಂಗೀತ ಸಂಯೋಜಕ ಯೋಸೆಫ್ ಹೈಡನ್ ಸಂಗೀತ ನಡೆಸಿದ ಜಾಗ. ನಾನು ಹೈಡನ್‌ನ ಸಂಗೀತವನ್ನು ವರ್ಷಗಟ್ಟಲೆ ಕೇಳಿದವನು. ಆ ಚಾವಣಿಯ ಚಿತ್ರಗಳ ಕೆಳಗೆ ನಿಲ್ಲಬೇಕೆಂಬುದು ಹಳೆಯ ಆಸೆ. ನಿಲ್ಲಲಾಗಲಿಲ್ಲ. ಮೂಲೆಯಲ್ಲಿ ಕುಳಿತು ಕಣ್ಣು ಮುಚ್ಚಿದೆ. ಮಾರ್ಗದರ್ಶಿ ಹೇಳಿದ ಒಂದು ಮಾತೂ ನೆನಪಿಲ್ಲ. ನೆನಪಿರುವುದು ಮರದ ನೆಲದ ಮೇಲಿನ ಹೊಳಪು ಮಾತ್ರ. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮೂರು ವರ್ಷದ ನಂತರ ಇಡೀ ದಿನ ಇಟ್ಟುಕೊಂಡು ಮತ್ತೆ ಹೋದೆ. ಬೆಳಿಗ್ಗೆ ಸಭಾಂಗಣ, ಊಟವಾದ ಮೇಲೆ ನೆಲಮಾಳಿಗೆಯ ವೈನ್ ಸಂಗ್ರಹಾಲಯ. ಅಲ್ಲಿ ದ್ರಾಕ್ಷಿ ಹಿಂಡುವ ಮರದ ಯಂತ್ರವಿದೆ, ನಮ್ಮ ಗಾಣದ ದೊಡ್ಡಣ್ಣನಂತೆ. ಇಡೀ ಮರದ ದಿಮ್ಮಿಯೇ ಅದರ ಸನ್ನೆಗೋಲು. ಅದರ ಮುಂದೆ ಅರ್ಧ ಗಂಟೆ ನಿಂತೆ. ರುಚಿ ನೋಡಿದ್ದು ಸಂಜೆ, ಉಗುಳುತ್ತಲೇ.

ಆದ್ದರಿಂದ ಯಾವ ಪ್ಯಾಕೇಜ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಗ್ಗದ್ದೇ ಇರಲಿ, ಕಡಿಮೆ ಬಗೆಯದ್ದೇ ಇರಲಿ. 1663ರಿಂದ 1672ರವರೆಗೆ ಹಳೆಯ ಕೋಟೆಯನ್ನು ಅರಮನೆಯಾಗಿ ಕಟ್ಟಿದ ಜಾಗಕ್ಕೆ ಹೋಗಿ ಲೋಟ ಮಾತ್ರ ನೋಡಿ ಬರಬೇಡಿ. ಬಾಡಿಗೆ ಕಾರಂತೂ ಬೇಡವೇ ಬೇಡ. ಆಸ್ಟ್ರಿಯಾದಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ರೈಲಿನಲ್ಲಿ ಹೋಗಿ.

ಬ್ಲೌಫ್ರೆಂಕಿಶ್ ಎಂಬ ಕೆಂಪು ವೈನ್ ಆ ಸೀಮೆಯ ಹೆಮ್ಮೆ, ಅದನ್ನು ಬಿಡಬೇಡಿ. ಹತ್ತಿರದ ನೋಯ್‌ಸೀಡ್ಲ್ ಸರೋವರದ ಮಂಜಿನಿಂದ ದ್ರಾಕ್ಷಿಗೆ ಬೂಷ್ಟು ಹಿಡಿದು ಒಣಗಿ, ಅದರಿಂದ ತಯಾರಾಗುವ ಸಿಹಿ ವೈನ್ ಕೊನೆಗಿರಲಿ. ಅದನ್ನು ಮೊದಲು ಬಾಯಿಗೆ ಹಾಕಿದರೆ ಆಮೇಲಿನ ಕೆಂಪು ವೈನ್ ಬರೀ ಹುಳಿ, ಬರೀ ಒಗರು.