ಮನೆ ಹೊರಗಿನ ಮರದ ಸಾಮಾನು ತೊಳೆಯಲು ಯಾವ ಪ್ರೆಶರ್ ವಾಷರ್ (ರಭಸದಿಂದ ನೀರು ಚಿಮ್ಮಿಸಿ ತೊಳೆಯುವ ಮಷಿನ್) ತಗೋಬೇಕು?

ಇಂಡಕ್ಷನ್ ಮೋಟರ್ (ಕಾರ್ಬನ್ ಬ್ರಷ್ ಇಲ್ಲದ ಮೋಟರ್), ಹಿತ್ತಾಳೆ ಪಂಪ್ ಹೆಡ್, ಒತ್ತಡ ತಗ್ಗಿಸುವ ನಾಬ್ ಇರೋ ಮಷಿನ್ ತಗೊಳ್ಳಿ. ಡಬ್ಬಿ ಮೇಲಿನ ‘ಗರಿಷ್ಠ ಬಾರ್’ (ಬಾರ್ ಅಂದರೆ ಒತ್ತಡದ ಅಳತೆ) ನೋಡಿ ಮರುಳಾಗಬೇಡಿ. ಪೈನ್‌ಗೆ 40 ಬಾರ್ ಆಸುಪಾಸು, ತೇಗಕ್ಕೆ 80 ಧಾರಾಳ ಸಾಕು. ಮರದಲ್ಲಿ ಮೆತ್ತನೆ ಪದರ, ಗಟ್ಟಿ ಪದರ ಒಂದರ ಪಕ್ಕ ಒಂದಿರುತ್ತವೆ. ಒತ್ತಡ ಜಾಸ್ತಿಯಾದರೆ ಮೆತ್ತನೆಯದು ಕೊಚ್ಚಿಹೋಗಿ ಮೇಲ್ಮೈ ನಾರುನಾರಾಗಿ ಏಳುತ್ತದೆ, ಉಜ್ಜದೆ ಪಾಲಿಶ್ ಕೂರುವುದಿಲ್ಲ. ನೀರನ್ನು ಅಗಲವಾಗಿ ಹರಡುವ 40 ಡಿಗ್ರಿ ನಾಜಲ್ ಹಾಕಿ, ಒಂದಡಿ ದೂರದಿಂದ ಮರದ ಎಳೆಯ ಗುಂಟವೇ ಓಡಿಸಿ. ನೀರನ್ನು ಒಂದೇ ಚೂಪು ಧಾರೆಯಾಗಿ ಬಿಡುವ ಸೊನ್ನೆ ಡಿಗ್ರಿಯ ಕೆಂಪು ನಾಜಲ್ ಮರದ ಹತ್ತಿರ ತರಲೇಬೇಡಿ.

ಬೆಂಗಳೂರಲ್ಲಿ ಮಷಿನ್ ಕೆಡಿಸುವುದು ಹೆಚ್ಚಾಗಿ ನೀರು. ಬೋರ್‌ವೆಲ್ ಮರಳು ಪಂಪಿನ ಸೀಲ್ ಸವೆಸುತ್ತದೆ, ಮಷಿನ್‌ಗೆ ನೀರು ಒಳಬರುವ ಕಡೆ ಇನ್‌ಲೆಟ್ ಫಿಲ್ಟರ್ ಹಾಕಿಸಿ. ನಿಮಿಷಕ್ಕೆ 7 ಲೀಟರ್ ಎಳೆಯುವ ಮಷಿನ್‌ಗೆ, ನಿಮ್ಮ ನಲ್ಲಿ 15 ಲೀಟರ್ ಬಕೆಟ್ಟನ್ನು ಎರಡು ನಿಮಿಷದೊಳಗೆ ತುಂಬಿಸಬೇಕು. ಇಲ್ಲದಿದ್ದರೆ ಪಂಪ್ ಗಾಳಿ ಎಳೆದು ಹಾಳಾಗುತ್ತದೆ.